ಊಟದ ವ್ಯವಸ್ಥೆ ಆಗಿದೆ

ಕವಿಗೋಷ್ಠಿ ನಡೆಯುವ ಸಭಾಂಗಣ ಖಾಲಿ ಮಾಡಿಸಲು ಪೊಲೀಸರು ಬೇಕಿಲ್ಲ. ಮೈಕಿನಲ್ಲಿ ‘ಊಟದ ವ್ಯವಸ್ಥೆ ಆಗಿದೆ’ ಎಂದರೆ ಸಾಕು, ಕವಿಯ ಬೀಗರೂ ಎದ್ದು ಹೋಗುತ್ತಾರೆ. ಈ ವಿದ್ಯೆಯನ್ನು ನಾನು ಒಮ್ಮೆ ಪ್ರಯೋಗಿಸಿದ್ದೇನೆ. ಅದನ್ನು ಹೇಳಿಕೊಳ್ಳದೆ ನನಗೀಗ ಊಟವೇ ರುಚಿಸುತ್ತಿಲ್ಲ.

ನಾನು ಓದಿದ್ದು ಹತ್ತನೆಯ ಇಯತ್ತೆ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಪೇಟೆಯ ಗದ್ದಲ, ಘಾಟು, ಸೀನುಗಳ ನಡುವೆ ಪಳಗಿದ ಗಂಟಲೆಂದು ಸುತ್ತಲಿನ ಸಮಾರಂಭಗಳ ನಿರೂಪಣೆಗೆಲ್ಲ ನನ್ನನ್ನೇ ಕರೆಯುತ್ತಾರೆ. ಮೊದಲೆಲ್ಲ ಕವಿಗೋಷ್ಠಿ ಸುಲಭವಿತ್ತು. ಕವಿಗಳು ಬೆಳದಿಂಗಳ ಮೇಲೆ ಬರೆಯುತ್ತಿದ್ದರು. ಬೆಳದಿಂಗಳಿನಿಂದ ಯಾವ ಶಾಸಕರಿಗೂ ತೊಂದರೆ ಇರಲಿಲ್ಲ. ಅವರು ವೇದಿಕೆಯ ಮೇಲೆ ನೆಮ್ಮದಿಯಾಗಿ ತೂಕಡಿಸುತ್ತಿದ್ದರು. ಈಗಿನ ಕವಿತೆಯಲ್ಲಿ ಗಟಾರು, ರಸ್ತೆ, ವೋಟು ಎಲ್ಲ ಬರುತ್ತವೆ. ಪಾಪ, ಗಣ್ಯರಿಗೆ ನಿದ್ದೆಯೇ ಇಲ್ಲ.

ಹೋದ ವರ್ಷ ಹಾವೇರಿಯ ಗೋಷ್ಠಿಗೆ ನನ್ನ ಬಾಲ್ಯದ ಗೆಳೆಯ ಬಸಣ್ಣ ರಾಣೆಬೆನ್ನೂರು ಕಡೆಯ ತನ್ನ ಹಳ್ಳಿಯಿಂದ ಬಂದಿದ್ದ. ಅವನ ಹೆಂಡತಿ ಶಾಂತವ್ವ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಊರ ಆಸ್ಪತ್ರೆಯ ಮೇಲೆ ಕವಿತೆ ಬರೆದಿದ್ದ: ಮೂರು ಪಕ್ಷದವರು ಮೂರು ಸಲ ರಿಬ್ಬನ್ ಕತ್ತರಿಸಿದರೂ ಡಾಕ್ಟರು ಮಾತ್ರ ಬಾರದ ಆಸ್ಪತ್ರೆ. ಕತ್ತರಿಯೇ ಸವೆಯಿತು ಎಂಬಲ್ಲಿ ಜನ ಬಿದ್ದು ಬಿದ್ದು ನಕ್ಕರು. ಮೂರನೆಯ ರಿಬ್ಬನ್ ಕತ್ತರಿಸಿದ ಶಾಸಕ ಸಾಹೇಬರು ವೇದಿಕೆಯ ಮೇಲೆಯೇ ಇದ್ದರು. ಅವರು ನಗಲಿಲ್ಲ. ಸಂಘಟಕರು ನನ್ನ ಕಿವಿಯ ಹತ್ತಿರ ಬಂದು, “ಸಾಹೇಬ್ರ ಮಾರಿ ನೋಡ್ರಿ. ಏನರ ಮಾಡ್ರಿ, ಲಗೂ ಮುಗಸ್ರಿ” ಎಂದರು. ಗೆಳೆಯನಿಗೆ ನಿಲ್ಲಿಸು ಎನ್ನುವ ಧೈರ್ಯ ನನಗಿರಲಿಲ್ಲ. ಸಾಹೇಬರಿಗೆ ಸ್ವಲ್ಪ ಕೇಳಿ ಎನ್ನುವ ಧೈರ್ಯವಂತೂ ಹುಟ್ಟಿನಿಂದಲೇ ಇಲ್ಲ. ನನ್ನ ಕೈಯಲ್ಲೂ ಒಂದು ಮೈಕಿತ್ತು. ಊಟದ ಘೋಷಣೆ ಮಾಡಿದೆ. ರೊಟ್ಟಿ, ಎಣ್ಣೆಗಾಯಿ ಎಂದು ಹೆಸರನ್ನೂ ಸೇರಿಸಿದೆ. ಕುರ್ಚಿಗಳು ಖಾಲಿಯಾದವು. ಸಾಹೇಬರು ಎದ್ದರು; ಅವರ ಹಿಂದೆ ನಾನೂ.

ಊಟದ ಪೆಂಡಾಲಿನಲ್ಲೂ ಸ್ಪೀಕರ್ ಕಟ್ಟಿದ್ದರು. ಬಸಣ್ಣ ಓದುತ್ತಲೇ ಇದ್ದ. ಶಾಂತವ್ವನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಅದೇ ಆಸ್ಪತ್ರೆಗೆ ಹೋದದ್ದು, ಬೀಗ ಹಾಕಿದ ಬಾಗಿಲ ಮುಂದೆ ಅವಳು ನೀರು ಕೇಳಿದ್ದು... “ಏ ತಮ್ಮಾ, ಇಲ್ಲೆ ರೊಟ್ಟಿ ತಾರೋ!” ಎಂದು ನನ್ನ ಪಕ್ಕದವರು ಕೂಗಿದರು. ಮುಂದಿನ ಸಾಲು ಕೇಳಿಸಲಿಲ್ಲ. ನಾನು ತಟ್ಟೆ ಕೆಳಗಿಡಲಿಲ್ಲ.

ಮೊನ್ನೆ ಅವನ ಊರಿಗೆ ಹೋದೆ. “ತಪ್ಪಾತೋ ಬಸಣ್ಣಾ” ಎಂದೆ.

“ಆತ್ ಬಿಡೋ. ಎಣ್ಣಿಗಾಯಿ ಭಾಳ ಛಲೋ ಆಗಿತ್ತಂತ. ನಾ ಬರೂದ್ರಾಗ ಖಾಲಿ ಆಗಿತ್ತು” ಎಂದು ತಾನೇ ಮಾಡಿದ ಚಹಾ ಕೊಟ್ಟ. ಸಕ್ಕರೆ ಹಾಕಲು ಮರೆತಿದ್ದ. ನಾನು ಹೇಳದೆ ಕುಡಿದೆ.

“ಮುಂದಿನ ತಿಂಗಳ ರಾಣೆಬೆನ್ನೂರಾಗ ಗೋಷ್ಠಿ ಐತಿ. ಆ ಕವಿತಿ ಪೂರಾ ಓದು” ಎಂದೆ.

“ಸಾಹೇಬ್ರು ಬರ್ತಾರೇನು?”

“ಬರ್ತಾರ.”

“ಹಂಗಾರ ನೀ ಮೈಕ್ ಇನ್ನೊಬ್ಬರ ಕೈಯಾಗ ಕೊಟ್ಟು ಮುಂದಿನ ಸಾಲಿನ್ಯಾಗ ಕುಂದ್ರು. ಕಡೀತನಕ ಏಳಬ್ಯಾಡ. ನೀ ಒಬ್ಬನ ಕೇಳಿದ್ರೂ ಸಾಕು, ಓದ್ತೇನಿ. ಕುಂದರ್ತೀಯೇನು?”

ಹೂಂ ಎನ್ನಬೇಕಿತ್ತು. “ಬಸ್ಸಿನ ಹೊತ್ತಾತು, ಬರ್ತೇನೋ” ಎಂದು ಎದ್ದುಬಿಟ್ಟೆ. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ನಿಲ್ದಾಣದ ಕಟ್ಟೆಯ ಮೇಲೆ ಒಬ್ಬನೇ ಕುಳಿತು, ಕಣ್ಣು ಒರೆಸಿಕೊಳ್ಳುತ್ತ, ಮುಂದಿನ ತಿಂಗಳು ಸಾಹೇಬರನ್ನು ಸ್ವಾಗತಿಸುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಚೆನ್ನಾಗಿಯೇ ಬರುತ್ತಿದ್ದವು.