ಮೂರು ಸೆಕೆಂಡಿನ ಶೂರತನ

ನನ್ನ ಕೈಗೆ ಯಾವ ಹೊಸ ವಸ್ತು ಬಂದರೂ ಅದು ಕೆಲಸಕ್ಕೆ ಬರುವ ಮೊದಲೇ ನನ್ನನ್ನು ನಗೆಪಾಟಲು ಮಾಡುತ್ತದೆ. ಪಿಸ್ತೂಲೂ ಬಿಡಲಿಲ್ಲ.

ನಾನು ನೈರೋಬಿಯ ಒಂದು ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರ್. ಮೊಂಬಾಸಾ ರಸ್ತೆಯಲ್ಲಿ ಇಬ್ಬರು ಕಾರು ಅಡ್ಡಗಟ್ಟಿ ಫೋನು, ವಾಚು, ಕೊನೆಗೆ ಚಿತ್ರಾನ್ನದ ಡಬ್ಬಿಯನ್ನೂ ಕಿತ್ತುಕೊಂಡು ಹೋದ ಮೇಲೆ ಲೈಸೆನ್ಸ್ ಮಾಡಿಸಿ ಪಿಸ್ತೂಲು ಕೊಂಡೆ. ಒಂದು ವರ್ಷ ಅದು ಲಾಕರಿನಲ್ಲೇ ಮಲಗಿತ್ತು. ಈ ಸಲ ಲೈಸೆನ್ಸ್ ಮುಂದುವರಿಯಬೇಕಾದರೆ ಶೂಟಿಂಗ್ ಕ್ಲಬ್ಬಿನ ಪರೀಕ್ಷೆ ಪಾಸಾಗಬೇಕಿತ್ತು. ಸೊಂಟದಿಂದ ತೆಗೆದು ಮೂರು ಸೆಕೆಂಡಿನೊಳಗೆ ಎರಡು ಗುಂಡು, ಎರಡೂ ವೃತ್ತದೊಳಗೆ. ಫೇಲಾದರೆ ಮತ್ತೆ ಅದೇ ರಸ್ತೆಯಲ್ಲಿ ಬರಿಗೈ.

ಮೊದಲ ಪಾಠ

ಕಲಿಸುವವರು ನಿವೃತ್ತ ಪೊಲೀಸ್ ಅಧಿಕಾರಿ. ಎಲ್ಲರೂ ಅವರನ್ನು ಮ್ವಾಲಿಮು, ಅಂದರೆ ಮೇಷ್ಟ್ರು ಎನ್ನುತ್ತಾರೆ. ಮೊದಲ ದಿನ ಖಾಲಿ ಪಿಸ್ತೂಲನ್ನು ಎರಡು ಸಲ ಪರೀಕ್ಷಿಸಿ ನನ್ನ ಕೈಗಿಟ್ಟರು. ಹೊಸ ಪುಸ್ತಕ ಕೊಟ್ಟರೆ ನಾವೇನು ಮಾಡುತ್ತೇವೋ ಅದನ್ನೇ ಮಾಡಿದೆ. ಎರಡೂ ಕೈಯಲ್ಲಿ ಹಿಡಿದು ಭಕ್ತಿಯಿಂದ ಕಣ್ಣಿಗೊತ್ತಿಕೊಂಡೆ.

ಮರುಕ್ಷಣ ಪಿಸ್ತೂಲು ಅವರ ಕೈಯಲ್ಲಿತ್ತು, ನಾನು ಗೋಡೆಗೆ ಅಂಟಿದ್ದೆ. ಇದು ನಮ್ಮ ಕಡೆಯ ಗೌರವ ಎಂದು ವಿವರಿಸಿದೆ. ಅವರು ಬೆವರು ಒರೆಸಿಕೊಂಡು, ಗೌರವ ಮನಸ್ಸಿನಲ್ಲಿರಲಿ, ಮೂತಿ ಗುರಿಯ ಕಡೆಗಿರಲಿ ಅಂದರು. ಆವತ್ತು ಪೂರ್ತಿ ನನಗೆ ಸ್ಟಾಪ್‌ವಾಚ್ ಬಿಟ್ಟು ಬೇರೇನೂ ಕೊಡಲಿಲ್ಲ.

ಅದನ್ನೂ ಕಣ್ಣಿಗೊತ್ತಿಕೊಂಡೆ.

ಹನ್ನೊಂದು ಸೆಕೆಂಡು

ಇಪ್ಪತ್ತು ವರ್ಷ ಮಾತ್ರೆಗಳ ಗುಣಮಟ್ಟ ನೋಡಿದವನು ನಾನು. ಪರೀಕ್ಷಿಸದೆ ಏನನ್ನೂ ಹೊರಗೆ ಬಿಟ್ಟವನಲ್ಲ. ನಿಂತ ಭಂಗಿ ನೋಡಿಕೊಂಡೆ, ಹಿಡಿತ ನೋಡಿಕೊಂಡೆ, ಗುರಿ ನೋಡಿ ಇನ್ನೊಮ್ಮೆ ನೋಡಿದೆ. ಎರಡು ಗುಂಡೂ ನಟ್ಟನಡುವೆ ಬಿದ್ದವು. ಹೆಮ್ಮೆಯಿಂದ ತಿರುಗಿದೆ.

"ಗುರಿ ಚೆನ್ನಾಗಿದೆ. ಆದ್ರೆ ಹನ್ನೊಂದು ಸೆಕೆಂಡು. ಕಳ್ಳ ಇಷ್ಟೊತ್ತಿಗೆ ನಿಮ್ಮ ಕಾರಲ್ಲೇ ಊರಿನ ಆ ತುದಿ ಕಸರಾನಿ ಸೇರಿರ್ತಾನೆ," ಅಂದರು ಮ್ವಾಲಿಮು.

ಅವಮಾನವಾಯಿತು. ಮುಂದಿನ ಸಲ ಎರಡೇ ಸೆಕೆಂಡಿಗೆ ಮುಗಿಸಿದೆ. ನನ್ನ ಕಾಗದದಲ್ಲಿ ಒಂದು ತೂತೂ ಇರಲಿಲ್ಲ. ಪಕ್ಕದ ಸಾಲಿನಲ್ಲಿದ್ದ ದಂತವೈದ್ಯೆ ಮಾತ್ರ ಐದು ಗುಂಡಿಗೆ ಏಳು ತೂತು ಬಿದ್ದಿವೆ ಎಂದು ಬಹಳ ಸಂತೋಷಪಟ್ಟರು.

ಟೀವಿ ರಿಮೋಟು

ಕಿಲೆಲೆಶ್ವಾದ ನಮ್ಮ ಫ್ಲಾಟಿನಲ್ಲಿ ಪಿಸ್ತೂಲು ಲಾಕರಿನಿಂದ ಹೊರಗೆ ಬರಕೂಡದೆಂದು ಹೆಂಡತಿಯ ಕಟ್ಟಪ್ಪಣೆ. ಹಾಗಾಗಿ ಸೊಂಟದ ಚೀಲದಲ್ಲಿ ಟೀವಿ ರಿಮೋಟು ಇಟ್ಟುಕೊಂಡು ಸರಕ್ಕನೆ ಎಳೆಯುವ ಅಭ್ಯಾಸ ಶುರುಮಾಡಿದೆ. ಹೆಬ್ಬೆರಳು ಗುಂಡಿಗೆ ತಗಲಿತು. ಸೀರಿಯಲ್ಲಿನ ಸೊಸೆ ಅತ್ತೆಗೆ ತಿರುಗಿ ಉತ್ತರ ಕೊಡಲು ಬಾಯಿ ತೆರೆದಳು, ಅಷ್ಟರಲ್ಲಿ ಫುಟ್‌ಬಾಲ್ ಬಂತು. ಹೆಂಡತಿ ಸೋಫಾದಿಂದ ಹಾರಿ ರಿಮೋಟು ಕಿತ್ತುಕೊಂಡು ಸೊಸೆಯನ್ನು ವಾಪಸ್ ತಂದಳು.

ಮಗಳು ಫೋನಿನಲ್ಲಿ ಸಮಯ ನೋಡುತ್ತಿದ್ದಳು. "ಡ್ಯಾಡ್, ಯೂ ಟುಕ್ ಫೋರ್ ಸೆಕೆಂಡ್ಸ್. ಅಮ್ಮ ಟುಕ್ ಒನ್."

ಪೂಜೆಗೆ ಕೂತ ಪಿಸ್ತೂಲು

ಪರೀಕ್ಷೆ ವಿಜಯದಶಮಿಯ ಬೆಳಿಗ್ಗೆಯೇ ಬಂತು. ಹಿಂದಿನ ದಿನ ಆಯುಧಪೂಜೆಗೆ ಮಿಕ್ಸಿ, ಕುಕ್ಕರ್, ಕಾರಿನ ಕೀಲಿಯ ಪಕ್ಕದಲ್ಲಿ ಪಿಸ್ತೂಲನ್ನೂ ಖಾಲಿ ಮಾಡಿ ಇಟ್ಟಿದ್ದೆವು. ಅಂದು ಮಾತ್ರ ಲಾಕರಿಗೆ ರಜೆ. ದಶಮಿ ಪೂಜೆ ಆಗುವವರೆಗೂ ಅದನ್ನು ಎತ್ತುವ ಹಾಗಿಲ್ಲ ಎಂದು ಹೆಂಡತಿ ಪಟ್ಟು ಹಿಡಿದಳು. ಫೇಲಾಗುವುದಿರಲಿ, ಹೋಗುವುದೇ ತಪ್ಪೀತೆಂಬ ಭಯ ನನಗೆ. ಪಾಪ, ಅವಳೇ ಬೇಗ ಎದ್ದು ಪೂಜೆ ಮುಗಿಸಿ, ಎಲ್ಲವನ್ನೂ ಉತ್ತರಕ್ಕೆ ಒಂದಿಷ್ಟು ಸರಿಸಿ, ಪಿಸ್ತೂಲನ್ನು ಕೊಟ್ಟು ಕಳಿಸಿದಳು.

ಮ್ವಾಲಿಮು ಸೀಟಿ ಊದಿದರು. ಪಿಸ್ತೂಲು ಎಳೆದು ಎತ್ತಿದೆ. ತುದಿಯಲ್ಲಿ ಗುರಿ ಹಿಡಿಯಲು ಒಂದು ಪುಟ್ಟ ಮೊನೆ ಇರುತ್ತದೆ. ಕಪ್ಪು ವೃತ್ತದ ಮೇಲೆ ಆ ಕಪ್ಪು ಮೊನೆಯನ್ನು ಹುಡುಕುವುದರಲ್ಲೇ ನನ್ನ ಸೆಕೆಂಡುಗಳೆಲ್ಲ ಹೋಗುತ್ತಿದ್ದವು. ಆವತ್ತು ಅದರ ಮೇಲೆ ಕುಂಕುಮದ ಬೊಟ್ಟು ಥಳಥಳ ಹೊಳೆಯುತ್ತಿತ್ತು. ಹುಡುಕುವ ಕೆಲಸವೇ ಇರಲಿಲ್ಲ. ಎರಡು ಗುಂಡು, ಮೂರು ಸೆಕೆಂಡಿಗೆ ಒಂದು ಕೂದಲೆಳೆ ಕಡಿಮೆ, ಎರಡೂ ಒಳಗೆ. ನಾನು ಪಾಸು.

ಮ್ವಾಲಿಮು ಪಿಸ್ತೂಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಈ ಕೆಂಪು ಬಣ್ಣ ಯಾರು ಹಚ್ಚಿದ್ದು, ಕ್ಲಬ್ಬಿನ ಎಂಟು ಪಿಸ್ತೂಲಿಗೂ ಹಚ್ಚಿಕೊಡುತ್ತಾರಾ ಎಂದು ಕೇಳಿದರು. ಮನೆಗೆ ಫೋನು ಮಾಡಿದೆ.

"ಹಚ್ಚೋಣ, ಅದಕ್ಕೇನಂತೆ. ಆದ್ರೆ ದೇವರ ಮನೆ ಕುಂಕುಮ ಅದು. ಮೇಷ್ಟ್ರಿಗೆ ಸ್ನಾನ ಮಾಡ್ಕೊಂಡು ಬರೋಕೆ ಹೇಳಿ," ಅಂದಳು ಹೆಂಡತಿ.

ಹಾಗೆಯೇ ಹೇಳಿದೆ. ಮ್ವಾಲಿಮು ತಮ್ಮ ನುಣ್ಣನೆಯ ಬೋಳುತಲೆ ಸವರಿಕೊಂಡು, ಬಹಳ ಗಂಭೀರವಾಗಿ ಕೇಳಿದರು, "ತಲೆಗೂ ನೀರು ಹಾಕ್ಕೋಬೇಕಾ?"