ಪಟ್ಟಿಯ ಮೊದಲನೇ ಪದ

“ಅಮ್ಮಾ, ನಾನು ‘ಒಂಥರಾ’ ಅಂದ್ರೆ ತಾತ ಯಾಕೆ ಎದ್ದು ಹೋಗ್ತಾರೆ? ಅದು ಬೈಗುಳನಾ?”

ಇವತ್ತು ಬೆಳಿಗ್ಗೆ ಬಾಯ್ತುಂಬ ನೊರೆ ಇಟ್ಟುಕೊಂಡು ಹಲ್ಲುಜ್ಜುತ್ತಾ ಪುಟ್ಟಿ ಕೇಳಿದಳು. “ಬೈಗುಳ ಅಲ್ಲ ಕಂದ. ಆದ್ರೆ ನಮ್ಮನೇಲಿ ಅದನ್ನ ಹೇಳ್ಬಾರ್ದು” ಎಂದೆ. (ಬೈಗುಳಕ್ಕೂ ನಾನು ಕೊಡುವ ವಿವರಣೆ ಇದೇ ಎಂಬುದು ಆಮೇಲೆ ಹೊಳೆಯಿತು.)

ನನ್ನ ಮಾವ ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವರು. ಕಟಕಟೆಯಲ್ಲಿ ನಿಂತವನು “ಅವನನ್ನ ನೋಡಿ ಒಂಥರಾ ಆಯ್ತು ಸ್ವಾಮಿ” ಎಂದುಬಿಟ್ಟರೆ ಮಾವನ ಬೆರಳು ಗಾಳಿಯಲ್ಲೇ ನಿಲ್ಲುತ್ತಿದ್ದವಂತೆ. ಯಾವ ಥರ? ಭಯವೋ, ಸಿಟ್ಟೋ, ಹೊಟ್ಟೆನೋವೋ? ಎದುರಿಗಿದ್ದ ಆರೋಪಿ ಜೈಲಿಗೆ ಹೋಗುವುದೋ ಮನೆಗೆ ಹೋಗುವುದೋ ಅದರ ಮೇಲೆ ನಿಂತಿರುತ್ತಿತ್ತು.

ನಿವೃತ್ತರಾದ ಮೇಲೆ ಆ ಕಟಕಟೆ ನಮ್ಮ ಅಡುಗೆಮನೆಗೆ ವರ್ಗವಾಯಿತು. ನಮ್ಮವರು “ವಾಪಸ್ ಹಿಂದಿರುಗಿ ಬಂದೆ” ಎಂದರೆ, “ಒಟ್ಟು ಎಷ್ಟು ಸಲ ಬಂದೆ?” ಎಂದು ಪಾಟೀಸವಾಲು. ನಾನೋ, ಅವಸರದಲ್ಲಿ ‘ಹ’ಕಾರ ನುಂಗುವವಳು. “ಮಾವಾ, ಆಲು ಉಕ್ತಿದೆ, ಒಲೆ ಆರ್ಸಿ!” ಎಂದು ಬಚ್ಚಲಿನಿಂದ ಕೂಗಿದರೆ, “ಹಾಲು... ಹಾಲು” ಎಂದು ಎರಡು ಸಲ ಹೇಳಿಕೊಟ್ಟು ಆಮೇಲೆ ಒಲೆಯ ಕಡೆ ತಿರುಗುತ್ತಿದ್ದರು. ಅಷ್ಟರಲ್ಲಿ ಉಚ್ಚಾರ ಶುದ್ಧವಾಗಿರುತ್ತಿತ್ತು, ಒಲೆ ಮಾತ್ರ ಅಲ್ಲ.

ದಿನಾ ಈ ವಿಚಾರಣೆ ಬೇಡವೆಂದು ನಾನೇ ಒಂದು ಉಪಾಯ ಮಾಡಿದೆ. ಕಿವಿಗೆ ಚುಚ್ಚುವ ಮಾತುಗಳನ್ನೆಲ್ಲ ಒಂದು ಪಟ್ಟಿ ಮಾಡಿಕೊಡಿ ಎಂದೆ. ಮಾವ ಅಟ್ಟದಿಂದ ಟೈಪ್‌ರೈಟರ್ ಇಳಿಸಿ ಹದಿನೇಳು ಪದ ಹೊಡೆದರು. ಕೆಳಗೆ ಸಹಿ, ತಾರೀಖು. ನಾನೇ ಫ್ರಿಜ್ಜಿಗೆ ಅಂಟಿಸಿದೆ. ಮೊದಲನೆಯದೇ ‘ಒಂಥರಾ’. ಅತ್ತೆ ಓದಿ ನಕ್ಕರು. “ಇದರಲ್ಲಿ ಹತ್ತು ನನ್ನವೇ. ಇನ್ಮೇಲೆ ನನ್ನ ಬಾಯಿಗೆ ಬೀಗವೇ ಸರಿ.”

ಅತ್ತೆ ಹೋಗಿ ನಾಲ್ಕು ತಿಂಗಳಾಯಿತು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಅಂದಿನಿಂದ ಮಾವನ ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತದೆ. ಯಾರನ್ನೂ ತಿದ್ದುವುದಿಲ್ಲ. ಒಂದು ದಿನ ಲೋಟ ಕೊಡುತ್ತಾ ಬೇಕೆಂದೇ ಮೂರು ಸಲ “ಆಲು” ಎಂದೆ. ಸುಮ್ಮನೆ ಕುಡಿದರು. ನನಗೆ ಹೆದರಿಕೆ ಹುಟ್ಟಿದ್ದು ಆಗಲೇ. ಅತ್ತೆಯ ಹಿಂದೆಯೇ ಇವರೂ ಹೊರಟುಬಿಟ್ಟರೆ? ಡಾಕ್ಟರ ಹತ್ತಿರ ಹೋಗೋಣವೆಂದರೆ ಒಂದೇ ಉತ್ತರ. “ಹೋಗಿ ಏನಂತ ಹೇಳ್ಲಮ್ಮ? ಹೇಳಿಕೆ ಇಲ್ಲದೆ ಕೇಸಿಲ್ಲ.”

ಇವತ್ತು ಪುಟ್ಟಿಯನ್ನು ಶಾಲೆಗೆ ಕಳಿಸಿ ಪಾತ್ರೆ ತೊಳೆಯುತ್ತಿದ್ದೆ. ಮಾವ ಅಡುಗೆಮನೆಯ ಬಾಗಿಲು ಹಿಡಿದು ನಿಂತರು.

“ನೋಡಮ್ಮ... ಒಂಥರಾ ಆಗ್ತಿದೆ.”

ಸೌಟು ಕೈಜಾರಿತು. ಬೇರೆಯವರ ಬಾಯಲ್ಲಿ ಅದು ಒಂದು ಲೋಟ ನೀರಿಗೆ ವಾಸಿಯಾಗುವ ಕಾಯಿಲೆ. ಮಾವನ ಬಾಯಲ್ಲಿ ಬಂತೆಂದರೆ ಹೃದಯದ್ದೇ ಇರಬೇಕು! ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ನಮ್ಮವರಿಗೆ ಫೋನ್ ಮಾಡಿದೆ.

“ರೀ, ಮಾವ ‘ಒಂಥರಾ’ ಅಂದ್ರು!”

“ಅಪ್ಪಾನಾ? ಆ ಪದಾನೇ ಅಂದ್ರಾ? ಬಂದೆ, ಬಂದೆ!”

ಆಸ್ಪತ್ರೆಯ ಬಾಗಿಲಲ್ಲಿ ನೋಡಿಕೊಳ್ಳುತ್ತೇನೆ, ಒಂದು ಕಾಲಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ನಮ್ಮವರದು.

“ಏನು ತೊಂದರೆ?” ನರ್ಸ್ ಕೇಳಿದರು.

“ಒಂಥರಾ ಆಗ್ತಿದೆಯಂತೆ” ಎಂದೆ.

“ಯಾವ ಥರಾಮ್ಮ?”

“ಯಾವ ಥರ ಅಂತ ಗೊತ್ತಿದ್ರೆ ಒಂಥರಾ ಅಂತ ಯಾಕೆ ಅಂತಿದ್ರು ಸಿಸ್ಟರ್?”

ಮದುವೆಯಾದಾಗಿನಿಂದ ಮಾವನಿಗೆ ಹೇಳಲು ಧೈರ್ಯ ಸಾಲದ ವಾದ, ಪಾಪ, ಆ ನರ್ಸಿನ ಮೇಲೆ ಹೋಯಿತು. ಮಾವ ನನ್ನ ಮುಖವನ್ನೇ ನೋಡಿದರು.

ಇಸಿಜಿ, ಬಿಪಿ, ಸಕ್ಕರೆ, ಎಲ್ಲ ನೆಟ್ಟಗಿತ್ತು. “ನಿಮ್ಮ ಮಾವ ಚೆನ್ನಾಗಿದ್ದಾರೆ. ನಿಮ್ಮ ಮುಖ ಯಾಕೋ ಸರಿಯಿಲ್ಲ, ಕೈ ಕೊಡಿ” ಎಂದರು ಡಾಕ್ಟರ್. ನೋಡಿದರೆ ಏರಿದ್ದು ನನ್ನ ಬಿಪಿ! ಅರ್ಧ ಗಂಟೆ ಮಲಗಿ ಎಂದು ಮಂಚಕ್ಕೆ ಹತ್ತಿಸಿದರು. ಏದುಸಿರು ಬಿಡುತ್ತಾ ಓಡಿಬಂದ ನಮ್ಮವರು, ಮಂಚದ ಮೇಲೆ ನನ್ನನ್ನೂ, ಪಕ್ಕದಲ್ಲಿ ನನ್ನ ಕೈಚೀಲ ಹಿಡಿದು ಕೂತ ಅಪ್ಪನನ್ನೂ ಕಂಡು, ಯಾರ ಹಣೆ ಮುಟ್ಟಬೇಕೆಂದು ತಿಳಿಯದೆ ನಿಂತರು. ಕೊನೆಗೆ ತಮ್ಮದನ್ನೇ ಒರೆಸಿಕೊಂಡು ನನ್ನ ಮಾತ್ರೆ ತರಲು ಹೋದರು.

ಆಗ ಮಾವ ಮಾತಾಡಿದರು.

“ಅವತ್ತು ಊಟ ಆದ್ಮೇಲೆ ನಿಮ್ಮತ್ತೆ, ‘ಒಂಥರಾ ಆಗ್ತಿದೆ ರೀ’ ಅಂದ್ಳು. ನಾನು ‘ಯಾವ ಥರ? ಸರಿಯಾಗಿ ಹೇಳು’ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದ್ಳು. ‘ಏನಿಲ್ಲ ಬಿಡಿ’ ಅಂತ ಹೋಗಿ ಮಲಕ್ಕೊಂಡ್ಳು.”

ಕೈಚೀಲದ ಜಿಪ್ಪನ್ನು ಎಳೆದರು, ಮತ್ತೆ ಮುಚ್ಚಿದರು.

“ಇವತ್ತು ಅವಳ ಕನ್ನಡಕದ ಡಬ್ಬಿ ಸಿಕ್ತು. ಏನಾಗ್ತಿದೆ ಅಂತ ನಿನಗೆ ಹೇಳೋಣ ಅಂತ ಬಂದೆ. ಮೂವತ್ತೆರಡು ವರ್ಷ ಟೈಪ್ ಮಾಡಿದ ಪದಗಳನ್ನೆಲ್ಲ ಹುಡುಕಿದೆ ಕಣಮ್ಮ. ಅದೊಂದೇ ಸಿಕ್ಕಿದ್ದು.”

ಪಟ್ಟಿ ಕೇಳಿದವಳೂ ನಾನೇ, ಅಂಟಿಸಿದವಳೂ ನಾನೇ. ಕೈಚೀಲದ ಮೇಲಿದ್ದ ಅವರ ಕೈ ಹಿಡಿದುಕೊಂಡು ಮಲಗಿದ್ದೆ.

ಮನೆಗೆ ಬಂದು, “ತಟ್ಟೆ ಆಕ್ಲಾ ಮಾವಾ?” ಎಂದೆ, ಈ ಸಲ ಬೇಕೆಂದಲ್ಲ.

“ಹಾಕ್ಲಾ” ಎಂದರು ಮಾವ. ನಾಲ್ಕು ತಿಂಗಳಲ್ಲಿ ಮೊದಲ ಸಲ.

ತಿರುಗಿ ನೋಡಿದರೆ ಫ್ರಿಜ್ಜಿನ ಮುಂದೆ ನಿಂತು, ಮೊದಲನೇ ಪದದ ಮೇಲೆ ಅಡಿಕೋಲು ಇಟ್ಟು ನೇರವಾಗಿ ಒಂದು ಗೀಟು ಎಳೆಯುತ್ತಿದ್ದರು. ಪಕ್ಕದಲ್ಲಿ ಸಣ್ಣದಾಗಿ ಸಹಿ ಮಾಡಿ, ಪೆನ್ನನ್ನು ನನ್ನ ಕಡೆ ಚಾಚಿದರು.

“ನಮ್ಮ ಕೋರ್ಟಲ್ಲಿ ಒಂದು ಪದ ಹೊಡೆದುಹಾಕೋಕೆ ಬರೆದವನ ಸಹಿ ಒಂದೇ ಸಾಲ್ತಿರ್ಲಿಲ್ಲಮ್ಮ, ಇನ್ನೊಬ್ಬರದೂ ಬೇಕಿತ್ತು. ಪುಟ್ಟಿ ಶಾಲೆಯಿಂದ ಬರೋ ಮುಂಚೆ ಇಲ್ಲೊಂದು ಸಹಿ ಹಾಕ್ಕೊಡ್ತೀಯಾ?”