ಗಾಜಿನ ಕೆಳಗಿನ ಕಣಿವೆ

ನಮ್ಮ ಸೋದರಮಾವ ಇನ್ನೂ ಕಾಲಿಟ್ಟಿರದ ಕಣಿವೆಯೊಂದರಲ್ಲಿ ವರ್ಷಗಟ್ಟಲೆ ಬಾಳಿದರು ಎಂದರೆ ನಂಬುತ್ತೀರಾ? ಎಂಬತ್ತರ ದಶಕದಲ್ಲಿ ಅವರ ಮೈ ಮಾತ್ರ ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿತ್ತು, ಭೂಗೋಳ ಪಾಠ ಹೇಳಿ ಸಂಬಳ ತರಲು! ಉತ್ತರದ ಎತ್ತರದ ಒಣಸೀಮೆಯ, ದನದ ರ್ಯಾಂಚುಗಳ ಆ ಕಣಿವೆಯ ನಕ್ಷೆ ಊಟದ ಮೇಜಿನ ಗಾಜಿನಡಿಯಲ್ಲಿತ್ತು. ನಾನೂ ಅವರ ಮನೆಯಲ್ಲೇ ಇದ್ದೆ; ಎತ್ತರ ತೋರಿಸುವ ಕಂದು ಗೆರೆಗಳ ಮೇಲೆಯೇ ನಮ್ಮ ತಟ್ಟೆ. ಸಾರು ಚೆಲ್ಲಿದರೆ ಒರೆಸುವಂತಿಲ್ಲ. “ತಡಿಯೋ, ಯಾವ ಕಡೆ ಹರಿಯುತ್ತೆ ನೋಡೋಣ!” ಎನ್ನುತ್ತಿದ್ದರು ಮಾವ. ಗುಡ್ಡದ ಕಡೆ ಹರಿದರೆ ತಪ್ಪು ಮೇಜಿನದು.

ಅತ್ತೆಗೆ ಒಂದೇ ಆಸೆ: ಗುಡ್ಡದ ಮೇಲೆ ನಿಂತು ಆ ಕಣಿವೆಯನ್ನೊಮ್ಮೆ ನೋಡಬೇಕು. ಆದರೆ ಅವರ ಹೃದಯ ದುರ್ಬಲ. ಕಡಿದಾದ ಏರು ಹತ್ತಲೇಬಾರದು ಎಂದಿದ್ದರು ಡಾಕ್ಟರು.

“ರೀ, ಈ ರಜಾಕ್ಕಾದ್ರೂ ಹೋಗೋಣ್ವಾ?”

“ಸ್ಟಡಿ ಮಾಡ್ತಿದೀನಲ್ಲೇ.”

“ಮದುವೆಗೆ ಮುಂಚೆ ನನ್ನನ್ನ ಇಷ್ಟು ಸ್ಟಡಿ ಮಾಡಿದ್ರಾ?”

“ಆಗ ನಿಮ್ಮಪ್ಪ ನಿನ್ನ ಮ್ಯಾಪ್ ಕೊಟ್ಟಿರ್ಲಿಲ್ಲ!”

ಕೊನೆಗೊಂದು ರಜೆಯಲ್ಲಿ, ನಕ್ಷೆಯನ್ನು ಗಾಜಿನಡಿಯಿಂದ ಬಿಡಿಸಿಕೊಂಡು ಹಳೇ ಕಾರು ಹತ್ತಿದೆವು. ಓಡಿಸಿದವನು ನಾನು ಎಂದು ನನ್ನ ನೆನಪು; ಮಾವನೇ ಎನ್ನುತ್ತಾರೆ ಅತ್ತೆ. ನೆನಪಿಗೇನು, ಸ್ಟಿಯರಿಂಗ್ ಯಾವಾಗಲೂ ತನ್ನ ಕೈಯಲ್ಲೇ ಇತ್ತು ಅನ್ನುತ್ತದೆ!

ಹೊಳೆಸ್ನಾನಕ್ಕೆಂದು ಮಾವ ಟವೆಲು, ಸೋಪು ತಂದಿದ್ದರು. ನಕ್ಷೆಯಲ್ಲಿ ನೀಲಿ ಗೆರೆಯಿದ್ದಲ್ಲಿ ಬರೀ ಮರಳು. ನಡುವೆ ಒಂದು ಹಸು ಮಲಗಿ ಮೆಲುಕು ಹಾಕುತ್ತಿತ್ತು.

“ಎಲ್ರೀ ಹೊಳೆ?”

“ಇದೇ. ನೀರು ಮಾತ್ರ ಇನ್ನೂ ಬಂದಿಲ್ಲ.”

ಅಲ್ಲಿಂದ ಗುಡ್ಡ. ಎದುರಿಗೇ ನೇರ ಕಾಲುದಾರಿಯಿತ್ತು. ಮಾವ ಅದನ್ನು ಬಿಟ್ಟು ನಮ್ಮನ್ನು ಗುಡ್ಡದ ಬೆನ್ನಿಗೆ ಸುತ್ತುಹಾಕಿಸಿದರು. ಮುಳ್ಳು, ಕಲ್ಲು, ಬಿಸಿಲು!

“ಮಾವ, ದಾರಿ ತಪ್ಪಿದೀವಿ,” ಎಂದು ರೇಗಿದೆ.

ಅವರು ನಕ್ಷೆ ಹರವಿದರು. ಕಾಲುದಾರಿಯ ಬದಿಗೆ ಗೆರೆಗಳು ಒತ್ತೊತ್ತಾಗಿದ್ದವು; ನಾವು ನಿಂತಲ್ಲಿ ದೂರದೂರ.

“ಗೆರೆ ದೂರ ಇದ್ರೆ ಏರು ಕಮ್ಮಿ ಕಣೋ. ಇವಳು ಹತ್ತೋ ಹಾಗಿರೋದು ಇದೊಂದೇ ಕಡೆ. ಹುಡುಕೋಕೆ ಇಷ್ಟು ವರ್ಷ ಬೇಕಾಯ್ತು.” ಆಮೇಲೆ ಅತ್ತೆಯ ಕಡೆ ತಿರುಗಿ, “ಪೋಲೆ ಪೋಲೆ, ನಿಧಾನ ಕಣೇ,” ಎಂದರು.

ಅತ್ತೆ ನಕ್ಷೆಯನ್ನು ತಾವೇ ಮಡಚಿ ಬಗಲಲ್ಲಿ ಇಟ್ಟುಕೊಂಡರು.

ತುದಿ ತಲುಪಿದಾಗ ಕೆಳಗೆ ಕಣಿವೆ ತೆರೆಯಿತು. ಒಣಹುಲ್ಲಿನ ಹೊಂಬಣ್ಣ, ದನಗಳು ಎಬ್ಬಿಸಿದ ಧೂಳು, ಕೊನೆಯೇ ಕಾಣದ ಬಯಲು.

“ರೀ, ನೋಡ್ರೀ, ಎಷ್ಟು ದೊಡ್ಡದು!”

“ನೋಡ್ತಿದೀನಿ,” ಎಂದರು ಮಾವ.

ಅವರ ಬೆನ್ನು ಕಣಿವೆಯ ಕಡೆಗಿತ್ತು. ಎರಡು ಬೆರಳು ಅತ್ತೆಯ ಮಣಿಕಟ್ಟಿನ ಮೇಲೆ, ನಾಡಿ ಹಿಡಿದಿದ್ದವು.